ಅಟ್ಲಾಂಟಾದ ಹಳೆಯ ಪೋಸ್ಟ್‌ಕಾರ್ಡುಗಳಿಗೆ ಕಾಲ ಗೊತ್ತುಮಾಡಿದ ಬಗೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಹಳೆಯ ಕಟ್ಟಡಗಳ ಚಿತ್ರವಿರುವ ಪೋಸ್ಟ್‌ಕಾರ್ಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ತೊಡಗಿದಾಗ ನಾನು ಹಾಕಿಕೊಂಡ ಮೊದಲ ನಿಯಮವೆಂದರೆ, ಕಾರ್ಡು ಅಚ್ಚಾದ ಕಾಲವನ್ನೂ ಅದರ ಚಿತ್ರ ತೆಗೆದ ಕಾಲವನ್ನೂ ಬೇರೆಬೇರೆಯಾಗಿ ಬರೆದಿಡುವುದು. ಒಂದೇ ಛಾಯಾಚಿತ್ರವನ್ನು ಪ್ರಕಾಶಕರು ವರ್ಷಗಟ್ಟಲೆ ಮರುಮುದ್ರಿಸುತ್ತಿದ್ದುದರಿಂದ ಅಂಚೆಮುದ್ರೆಯ ತಾರೀಖನ್ನೇ ಚಿತ್ರದ ತಾರೀಖೆಂದು ನಂಬುವಂತಿಲ್ಲ.

ಅಚ್ಚಿನ ಕಾಲಕ್ಕೆ ಹಿಂಬದಿಯೇ ಸಾಕ್ಷಿ. ಅಮೆರಿಕದಲ್ಲಿ 1907ರ ಮಾರ್ಚ್ 1ಕ್ಕೆ ಮೊದಲು ಹಿಂಬದಿಯಲ್ಲಿ ವಿಳಾಸವನ್ನಷ್ಟೇ ಬರೆಯಬಹುದಿತ್ತು. ಹಾಗಾಗಿ ವಿಳಾಸವನ್ನೂ ಒಕ್ಕಣೆಯನ್ನೂ ಬೇರ್ಪಡಿಸುವ ನಡುಗೆರೆ ಹಿಂಬದಿಯಲ್ಲಿಲ್ಲದ, ಒಕ್ಕಣೆಯನ್ನೆಲ್ಲ ಚಿತ್ರದ ಅಂಚಿಗೆ ತುರುಕಿದ ಕಾರ್ಡು ಸಾಮಾನ್ಯವಾಗಿ ಅದಕ್ಕೂ ಹಿಂದೆ ಅಚ್ಚಾದದ್ದು. ಬಿಳಿ ಅಂಚಿನವು ಸುಮಾರು 1915ರಿಂದ 1930ರವರೆಗಿನವು. ಮುಟ್ಟಿದರೆ ನೇಯ್ಗೆಯಂತೆ ಒರಟಾಗಿರುವ ಲಿನನ್ ಕಾರ್ಡುಗಳು ಅನಂತರ ಬಂದವು. ಷಿಕಾಗೋದ ಕರ್ಟ್ ಟೈಕ್ ಕಂಪನಿಯ ಲಿನನ್ ಕಾರ್ಡಾದರಂತೂ ‘5ಎ-ಎಚ್’ ಎಂದು ಆರಂಭವಾಗುವ ಸಂಖ್ಯೆಯೇ 1935 ಎಂದು ಹೇಳಿಬಿಡುತ್ತದೆ.

ಚಿತ್ರದ ಕಾಲವನ್ನು ಕಟ್ಟಡಗಳಿಂದಲೇ ಹುಡುಕಬೇಕು. ಪೀಚ್‌ಟ್ರೀ ಬೀದಿಯ ನೋಟದಲ್ಲಿ, ಕೋಕಾ-ಕೋಲಾದ ಏಸಾ ಕ್ಯಾಂಡ್ಲರ್ 1906ರಲ್ಲಿ ಕಟ್ಟಿಸಿದ 17 ಅಂತಸ್ತಿನ ಕಟ್ಟಡ ಇರಬೇಕಾದ ಜಾಗ ಬರಿದಾಗಿದ್ದರೆ ಆ ಚಿತ್ರ ಅದಕ್ಕೂ ಹಳೆಯದು. 1892ರ ಈಕ್ವಿಟಬಲ್ ಕಟ್ಟಡಕ್ಕೆ ಮುಂದೆ ಟ್ರಸ್ಟ್ ಕಂಪನಿ ಆಫ್ ಜಾರ್ಜಿಯಾ ಎಂಬ ಹೆಸರು ಬಂದಿತು. ಆದರೆ ಶೀರ್ಷಿಕೆಯಲ್ಲಿ ಹೊಸ ಹೆಸರಿದ್ದ ಮಾತ್ರಕ್ಕೆ ಚಿತ್ರ ಹೊಸದಾಗದು, ಏಕೆಂದರೆ ಶೀರ್ಷಿಕೆಯೂ ಅಚ್ಚಿನ ಜೊತೆಗೆ ಸೇರಿದ್ದು.

ಬಣ್ಣವನ್ನು ನಾನು ಸಾಕ್ಷಿಯಾಗಿ ಒಪ್ಪುವುದೇ ಇಲ್ಲ. ಮೂಲ ಚಿತ್ರ ಕಪ್ಪು-ಬಿಳುಪಿನದು. ಬಣ್ಣ ತುಂಬಿದವರು ದೂರದ ಮುದ್ರಣಾಲಯದವರು, ಮೊದಲ ಮಹಾಯುದ್ಧಕ್ಕೆ ಮುಂಚೆ ಎಷ್ಟೋ ಸಲ ಜರ್ಮನಿಯವರು. ತಂತಿಗಳನ್ನು ಅಳಿಸುವುದು, ಮೋಡ ಸೇರಿಸುವುದು, ಹಗಲಿನ ಚಿತ್ರಕ್ಕೇ ಚಂದ್ರನನ್ನು ಕೂರಿಸಿ ಕಿಟಕಿಗಳಿಗೆ ಹಳದಿ ಬಳಿದು ರಾತ್ರಿಯಾಗಿಸುವುದು ಅವರಿಗೆ ನಿತ್ಯದ ಕೆಲಸ. (ಈ ಹುಸಿ ರಾತ್ರಿಗಳೆಂದರೆ ನನಗೆ ಪ್ರೀತಿಯೇ.) ರಾಜ್ಯ ಶಾಸನಭವನದ ಗುಮ್ಮಟಕ್ಕೆ ಜಾರ್ಜಿಯಾದ್ದೇ ಆದ ಡಾಲೋನಿಗಾ ಊರಿನ ಚಿನ್ನದ ಲೇಪ ಬಂದದ್ದು 1958ರಲ್ಲಿ, ಆದರೆ ಹಳದಿ ಗುಮ್ಮಟದ ಸುಳಿವು ಬಣ್ಣದ ಫಿಲ್ಮಿನಿಂದ ಅಚ್ಚಾದ ಕಾರ್ಡುಗಳಿಗೆ ಮಾತ್ರ ಸಲ್ಲುತ್ತದೆ. ನಾನು ನೆಚ್ಚುವುದು ಅಂತಸ್ತು, ಕಿಟಕಿಗಳ ಸಾಲುಗಳನ್ನು. ಇವನ್ನು ಭೂತಗನ್ನಡಿಯಲ್ಲಿ ಎಣಿಸಿ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮಾ ನಕ್ಷೆಗಳೊಂದಿಗೆ ಹೋಲಿಸುತ್ತೇನೆ. ಅವುಗಳಲ್ಲಿ ಪ್ರತಿ ಕಟ್ಟಡದ ಅಂತಸ್ತುಗಳನ್ನು ನಮೂದಿಸಿ, ಇಟ್ಟಿಗೆಗೆ ಗುಲಾಬಿ, ಮರಕ್ಕೆ ಹಳದಿ ಬಣ್ಣ ಹಚ್ಚಿರುತ್ತಾರೆ.

1905ರ ಟರ್ಮಿನಲ್ ಸ್ಟೇಷನ್, 1902ರ ಕಾರ್ನೆಗಿ ಗ್ರಂಥಾಲಯ ಎರಡನ್ನೂ 1970ರ ದಶಕದಲ್ಲಿ ಕೆಡವಿದ್ದರಿಂದ ಅವುಗಳ ಕಾರ್ಡುಗಳಿಗೆ ಈಗ ದಾಖಲೆಯ ಬೆಲೆಯಿದೆ. ಆದರೆ ಕಪ್ಪು ನಾಗರಿಕರಿಗೆ ಈ ಗ್ರಂಥಾಲಯದಲ್ಲಿ ಪ್ರವೇಶವಿರಲಿಲ್ಲವೆಂಬುದನ್ನಾಗಲಿ, ಅವರಿಗೆಂದು ಆಬರ್ನ್ ಅವೆನ್ಯೂದಲ್ಲಿ ಪ್ರತ್ಯೇಕ ಶಾಖೆ ತೆರೆಯಲು 1921ರವರೆಗೆ ಹಿಡಿಯಿತೆಂಬುದನ್ನಾಗಲಿ ಯಾವ ಶೀರ್ಷಿಕೆಯೂ ಹೇಳದು. ಕಪ್ಪು ಜನರ ವ್ಯಾಪಾರದ ಕೇಂದ್ರವಾಗಿದ್ದ ಆ ಬೀದಿಯ, ಉದಾಹರಣೆಗೆ ಆಡ್ ಫೆಲೋಸ್ ಎಂಬ ಸೋದರ ಸಂಘದ 1912ರ ಕಟ್ಟಡದ, ಕಾರ್ಡುಗಳು ನನ್ನ ಕೈಗೆ ಬಂದದ್ದು ತೀರ ಕಡಿಮೆ. ಆದ್ದರಿಂದ ಆ ಭಾಗಕ್ಕೆ ಬೇರೆ ಛಾಯಾಚಿತ್ರಗಳ ಪ್ರತಿಗಳನ್ನು ಸೇರಿಸಿ, ಪ್ರತಿಯೊಂದರ ಕೆಳಗೂ ‘ಇದು ಪೋಸ್ಟ್‌ಕಾರ್ಡ್ ಅಲ್ಲ’ ಎಂದು ಬರೆದಿಟ್ಟಿದ್ದೇನೆ.