ಟೈರಿನ ಹೊಟ್ಟೆಯಿಂದ ಕೋರ್ ತೆಗೆಯುವುದು: ಭೋಸರಿಯ ಟೂಲ್‌ರೂಮಿನಲ್ಲಿ ನನ್ನ ಅನುಭವ

ಟೈರಿಗೆ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ರಿಮ್ ಮೇಲೆ ಕೂರುವ ಅಂಚಿಗೆ ಬೀಡ್ ಅಂತೀವಿ. ಅದರೊಳಗೆ ಉಕ್ಕಿನ ತಂತಿಯ ಬಳೆ ಇರುತ್ತದೆ. ಎಷ್ಟು ಎಳೆದರೂ ಅದು ಹಿಗ್ಗುವುದಿಲ್ಲ. ಹಾಗಿದ್ದಾಗ ಟೈರಿನ ಒಳ ಆಕಾರದ ಗಟ್ಟಿ ಲೋಹದ ಅಚ್ಚು, ಅಂದರೆ ಕೋರ್ ಮೇಲೆ ಟೈರ್ ಕಟ್ಟಿ, ಕೋರ್ ಸಮೇತ ಹೊರಗಿನ ಅಚ್ಚಿನಲ್ಲಿಟ್ಟು ರಬ್ಬರ್ ಗಟ್ಟಿಯಾಗುವಂತೆ ಬೇಯಿಸಿದರೆ, ಆಮೇಲೆ ಆ ಕೋರನ್ನು ಹೊರಗೆ ತೆಗೆಯುವುದು ಹೇಗೆ? ತುಂಡು ತುಂಡಾಗಿ ಬಿಚ್ಚಿ ತೆಗೆಯಬೇಕು, ಬೇರೆ ದಾರಿ ಇಲ್ಲ. ಅಂಥ ಒಂದು ಕೋರನ್ನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಟೂಲ್‌ರೂಮಿನಲ್ಲಿ (ಅಚ್ಚು, ಉಪಕರಣ ಮಾಡುವ ಕಾರ್ಖಾನೆ) ಮಾಡಿದೆವು. 8 ಇಂಚಿನ ಬೀಡ್ ಇರುವ ಸಣ್ಣ ಟ್ರಾಲಿ ಟೈರಿಗೆ.

ಇದು ಹೊಸ ವಿದ್ಯೆಯೇನಲ್ಲ. 20ನೇ ಶತಮಾನದ ಶುರುವಿನಲ್ಲಿ ಟೈರ್ ಕಟ್ಟುತ್ತಿದ್ದದ್ದೇ ಕಬ್ಬಿಣದ ಕೋರ್ ಮೇಲೆ. ಆಮೇಲೆ ಚಪ್ಪಟೆ ಡ್ರಮ್ ಬಂತು. ಟೈರನ್ನು ಪೀಪಾಯಿ ಆಕಾರದಲ್ಲಿ ಕಟ್ಟಿ, ಅಚ್ಚಿನೊಳಗೆ ಬ್ಲಾಡರ್ ಅನ್ನುವ ರಬ್ಬರ್ ಚೀಲ ಊದಿಸಿ ಉಬ್ಬಿಸುವ ಪದ್ಧತಿ ಬಂತು. ಇವತ್ತಿಗೂ ಜಾಸ್ತಿ ಟೈರುಗಳು ಹಾಗೇ ತಯಾರಾಗುತ್ತವೆ. ಆದರೆ ಉಬ್ಬಿಸುವಾಗ ಒಳಗಿನ ಪ್ಲೈ, ಅಂದರೆ ಪದರದ ದಾರಗಳ ಕೋನ ಬದಲಾಗುತ್ತದೆ, ದಪ್ಪವೂ ಅಲ್ಲಲ್ಲಿ ಏರುಪೇರಾಗುತ್ತದೆ. ಕೋರ್ ಮೇಲೆ ಕಟ್ಟಿದರೆ ದಾರ ಇಟ್ಟ ಜಾಗದಲ್ಲೇ ಇರುತ್ತದೆ. ಅದಕ್ಕೇ 2000ದ ಸುಮಾರಿಗೆ ಇಟಲಿಯ ಟೈರ್ ಕಂಪನಿ ಪಿರೆಲ್ಲಿ, ರೋಬಾಟ್‌ಗಳಿಂದ ಟೈರ್ ಕಟ್ಟಿಸುವ ತನ್ನ ಎಂಐಆರ್‌ಎಸ್ ಪದ್ಧತಿಯಲ್ಲಿ ಟೈರಿನ ಒಳ ಆಕಾರದ್ದೇ ಡ್ರಮ್ ಇಟ್ಟು, ಅದರ ಮೇಲೆಯೇ ಕಟ್ಟುವ ದಾರಿ ಹಿಡಿಯಿತು.

ನಮ್ಮ ಕೆಲಸಕ್ಕೆ ಬರುತ್ತೇನೆ. ಕೋರಿನ ಹೊರ ವ್ಯಾಸ 330 ಮಿ.ಮೀ., ಬೀಡಿನ ಬಾಯಿ 203 ಮಿ.ಮೀ. ಡ್ರಾಯಿಂಗ್ ಹರಡಿಕೊಂಡು ಕೂತಾಗ, ವಿಜಯಪುರದ ಕಡೆಯಿಂದ ಬಂದ ನಮ್ಮ ಹೊಸ ಫಿಟ್ಟರ್ ಹುಡುಗ ಕೇಳಿದ: "ಕಾಕಾ, ರಿಂಗ್ ಸಮಾ ಎಂಟು ತುಂಡು ಕೊಯ್ದರ ಆತಲ್ರಿ, ಇದಕ್ಕ್ಯಾಕ ಇಷ್ಟ ವಿಚಾರ?"

"ನಿಮ್ಮೂರ ಬಾವಿ ಕಲ್ಲು ಯಾಕ ಒಳಗ ಬೀಳೂದಿಲ್ಲಪಾ?" ಅಂದೆ.

ಕೇಳಿದ್ದು ಸುಮ್ನೆ ಅಲ್ಲ. ದುಂಡು ಬಾವಿಯ ಕಲ್ಲುಗಳು ಒಳಗಡೆ ಕಿರಿದು, ಹಿಂದಕ್ಕೆ ಅಗಲ. ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಯಾವುದೂ ಒಳಕ್ಕೆ ಜಾರುವುದಿಲ್ಲ. ರಿಂಗನ್ನು ಕೇಂದ್ರದಿಂದ ಗೆರೆ ಎಳೆದು ಎಂಟು ಸಮ ಭಾಗ ಮಾಡಿದರೂ ಅದೇ ಕಥೆ. ಟೈರಿನೊಳಗೆ ಒಂದು ತುಂಡೂ ಅಲುಗದು.

ಆದ್ದರಿಂದ ತುಂಡುಗಳಲ್ಲಿ ಎರಡು ಜಾತಿ ಬೇಕು. ನಾಲ್ಕು ಅಗಲದ ತುಂಡು, ಅವುಗಳ ನಡುವೆ ನಾಲ್ಕು ಕೀಲಿ ತುಂಡು. ಕೀಲಿ ತುಂಡಿನ ಪಕ್ಕಗಳು ಬಾವಿ ಕಲ್ಲಿಗೆ ತಿರುಗಾಮುರುಗ, ಒಳಗಡೆಗೇ ಸ್ವಲ್ಪ ಅಗಲ. ಪ್ರತಿ ಪಕ್ಕಕ್ಕೆ 1 ಡಿಗ್ರಿ ಸಾಕು. ಕೇಂದ್ರದ ಕಡೆಗೆ ಎಳೆದ ಕೂಡಲೇ ಎರಡೂ ಪಕ್ಕ ಬಿಟ್ಟುಕೊಳ್ಳುತ್ತವೆ. ಪಕ್ಕಗಳನ್ನು ಸಮಾನಾಂತರ ಇಟ್ಟರೂ ಲೆಕ್ಕದ ಪ್ರಕಾರ ಹೊರಗೆ ಬರಬೇಕು. ಆದರೆ ಬಿಸಿಯಲ್ಲಿ, ಸಂದಿಗೆ ಒಂಚೂರು ರಬ್ಬರ್ ಹೊಕ್ಕಿದ್ದರೆ, ಕೊನೇವರೆಗೂ ಉಜ್ಜಿಕೊಂಡೇ ಬರುತ್ತದೆ. ಆ 1 ಡಿಗ್ರಿಯಲ್ಲಿ ಕಂಜೂಸಿ ಮಾಡಬಾರದು.

ಈ ಕೆಲಸದ ಜೀವ ಇರುವುದು ಇಲ್ಲೇ: ಕೋರ್ ಹೇಗೆ ಕೂಡಿಕೊಳ್ಳುತ್ತದೆ ಅಂತ ಯೋಚಿಸುವ ಮೊದಲು ಹೇಗೆ ಬಿಚ್ಚಿಕೊಳ್ಳುತ್ತದೆ ಅಂತ ನೋಡಬೇಕು. ಹೊರ ತ್ರಿಜ್ಯ 165, ಬಾಯಿಯ ತ್ರಿಜ್ಯ 101.5. ವ್ಯತ್ಯಾಸ 63.5 ಮಿ.ಮೀ. ಅಷ್ಟು ಒಳಕ್ಕೆ ಸರಿದರೆ ಆಯಿತು ಅಂತ ಅನ್ನಿಸುತ್ತದೆ, ಅಲ್ವಾ? 70 ಮಿ.ಮೀ. ಅಗಲದ ಕೀಲಿ ತುಂಡಿಗೆ ಅದು ಹೆಚ್ಚುಕಡಿಮೆ ಸರಿ, 66 ಸಾಕು. ಅಗಲದ ತುಂಡಿನ ಮಾತೇ ಬೇರೆ. ಅದರ ನಡುಭಾಗ ಬಾಯಿ ದಾಟಿದರೂ ಎರಡು ಮೂಲೆಗಳು ಇನ್ನೂ ಬೀಡಿನ ಹಿಂದೆಯೇ ಸಿಕ್ಕಿಕೊಂಡಿರುತ್ತವೆ. ಮೂಲೆ ದಾಟಬೇಕಾದರೆ 90 ಮಿ.ಮೀ.ಗಿಂತ ಜಾಸ್ತಿ ಸರಿಯಬೇಕು. ಅಷ್ಟು ಸರಿಯಲು ನಡುವೆ ಪೂರಾ ಖಾಲಿ ಇರಬೇಕು. ಅಂದರೆ ಮೊದಲು ನಡುವಿನ ಆಸರೆ ಗೂಟ, ಅಂದರೆ ಹಬ್ ಹೊರಗೆ, ಆಮೇಲೆ ನಾಲ್ಕೂ ಕೀಲಿ ತುಂಡು, ಕೊನೆಗೆ ಒಂದೊಂದಾಗಿ ಅಗಲದವು.

ಕಂಪ್ಯೂಟರಿನಲ್ಲಿ ಇದನ್ನೆಲ್ಲ ಆಡಿಸಿ ನೋಡಬಹುದು, ನಾವೂ ನೋಡಿದೆವು. ಆದರೂ ದಪ್ಪ ರಟ್ಟಿನಲ್ಲಿ ತುಂಡುಗಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ, 203 ಮಿ.ಮೀ. ತೂತಿನ ಪ್ಲೈವುಡ್ ಹಲಗೆಯ ಹಿಂದೆ ಇಟ್ಟು, ಕೈಯಿಂದ ಸರಿಸಿ ನೋಡಿ ಅಂತ ಹೇಳುತ್ತೇನೆ. ಅಗಲದ ತುಂಡು ಬಾಯಿಗೆ ಬರುವ ಹೊತ್ತಿಗೆ ಅದರ ಮೂಲೆಗೂ ಪಕ್ಕದ ಅಗಲದ ತುಂಡಿಗೂ ನಡುವೆ ಉಳಿಯುವುದು ಬರೀ 5 ಮಿ.ಮೀ. ಆ ಇಕ್ಕಟ್ಟು ಕೈಗೆ ಗೊತ್ತಾದ ಮೇಲೆಯೇ ಕೀಲಿ ತುಂಡಿನ ಅಗಲವನ್ನು 70ಕ್ಕೆ ನಿಲ್ಲಿಸಿದೆವು.

ಲೋಹ ಯಾವುದು? ಉಕ್ಕಿನಲ್ಲಿ ಮಾಡಿದರೆ ಎಂಟು ತುಂಡು ಸೇರಿ 32 ಕೆ.ಜಿ. ಹತ್ತಿರ. ಅಲ್ಯೂಮಿನಿಯಂ ಆದರೆ 11. ಪ್ರತಿ ಟೈರಿಗೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬೇಕು, ಅದೂ ಬಿಸಿ ಬಿಸಿ ಇರುವಾಗ. ಅಲ್ಯೂಮಿನಿಯಂ ಶಾಖವನ್ನೂ ಚೆನ್ನಾಗಿ ಹರಿಸುತ್ತದೆ. ಹಾಗಾಗಿ ಅದನ್ನೇ ಆರಿಸಿಕೊಂಡೆವು.

ಆಗ ಹಬ್‌ನ ಪ್ರಶ್ನೆ ಬಂತು. ಹಬ್ ಅಂದರೆ ಎಂಟೂ ತುಂಡುಗಳಿಗೆ ಒಳಗಿಂದ ಆಸರೆ ಕೊಡುವ ಓರೆ ಗೂಟ. ಅಚ್ಚು ಮುಚ್ಚಿದಾಗ ರಬ್ಬರ್ ಕೋರನ್ನು ಒಳಮುಖವಾಗಿ ಒತ್ತುತ್ತದೆ. ಕೀಲಿ ತುಂಡಂತೂ ಒಳಕ್ಕೆ ಜಾರಲೆಂದೇ ಮಾಡಿದ್ದು, ಅದನ್ನು ತಡೆಯುವುದು ಹಬ್ ಒಂದೇ. ಹಬ್ ಉಕ್ಕಿನದಾಗಲಿ ಅಂತ ನಮ್ಮಲ್ಲೇ ಕೆಲವರು ಹೇಳಿದರು. ಲೆಕ್ಕ ಹಾಕಿ ತೋರಿಸಿದೆ. ಹಬ್ ವ್ಯಾಸ 190 ಮಿ.ಮೀ. 30 ಡಿಗ್ರಿಯಿಂದ 150ಕ್ಕೆ ಏರಿದಾಗ ಅಲ್ಯೂಮಿನಿಯಂ 0.52 ಮಿ.ಮೀ. ಹಿಗ್ಗುತ್ತದೆ, ಉಕ್ಕು 0.27. ಅಂದರೆ ಬಿಸಿಯಾದಾಗ ತುಂಡುಗಳು ಹಬ್ ಮೇಲೆ ಕಾಲು ಮಿ.ಮೀ. ಸಡಿಲ. ರಬ್ಬರಿಗೆ 0.05 ಮಿ.ಮೀ. ಸಂದು ಸಿಕ್ಕರೂ ನುಗ್ಗುತ್ತದೆ, ಟೈರಿನ ಒಳಮೈಯಲ್ಲಿ ರೆಕ್ಕೆಯ ಹಾಗೆ ಏಳುತ್ತದೆ. ಕಾಲು ಮಿ.ಮೀ. ಅಂದರೆ ಮಾತಾಡುವ ಹಾಗೇ ಇಲ್ಲ. ತುಂಡುಗಳು, ಹಬ್ ಎಲ್ಲಾ ಒಂದೇ ಅಲ್ಯೂಮಿನಿಯಂ ಅಂತ ತೀರ್ಮಾನವಾಯಿತು.

ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಹಾರ್ಡ್ ಅನೋಡೈಸಿಂಗ್ ಬೇಕು, ಅಂದರೆ ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಬೆಳೆಸಬೇಕು. 40 ಮೈಕ್ರಾನ್ ಪದರ ಅಂದರೆ ಅರ್ಧ ಲೋಹದೊಳಗೆ ಇಳಿಯುತ್ತದೆ, ಅರ್ಧ ಹೊರಗೆ ಬೆಳೆಯುತ್ತದೆ. ಒಂದು ಮುಖಕ್ಕೆ 20 ಮೈಕ್ರಾನ್. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಎಂಟು ಜೋಡಣೆ, ಹದಿನಾರು ಮುಖ, ಸುತ್ತಳತೆಯಲ್ಲಿ 0.32 ಮಿ.ಮೀ. ಅಂದರೆ ವ್ಯಾಸದಲ್ಲಿ 0.1. ಇದನ್ನು ಗ್ರೈಂಡಿಂಗಿಗೆ ಮುಂಚೆಯೇ ಕಳೆದಿಟ್ಟುಕೊಳ್ಳಬೇಕು. ಅನೋಡೈಸಿಂಗ್ ಆದ ಮೇಲೆ ಕೊನೆಯ ಕೀಲಿ ತುಂಡು ಒಳಗೆ ಹೋಗದಿದ್ದರೆ ಉಜ್ಜಿ ಸರಿಮಾಡುವ ದಾರಿ ಇಲ್ಲ, ಉಜ್ಜಿದರೆ ಪದರವೇ ಹೋಗುತ್ತದೆ.

ಒಂದೇ ರಿಂಗಿನಿಂದ ಎಂಟೂ ತುಂಡು ತೆಗೆಯಲಾಗದು, ಕೊಯ್ದ ಜಾಗದ ಲೋಹ ಪುಡಿಯಾಗಿ ಹೋಗುತ್ತದಲ್ಲ. ಒಂದು ರಿಂಗಿನಿಂದ ಅಗಲದವು, ಇನ್ನೊಂದರಿಂದ ಕೀಲಿ ತುಂಡುಗಳು. ಮುಖಗಳನ್ನು ಸೈನ್ ಬಾರ್ (ಕೋನ ಕರಾರುವಾಕ್ಕಾಗಿ ಹಿಡಿಯುವ ಸಾಧನ) ಮೇಲೆ ಕೋನಕ್ಕೆ ಕೂರಿಸಿ ಗ್ರೈಂಡ್ ಮಾಡಿ, ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿ ಮುಖಕ್ಕೆ ಮುಖ ತಾಗಿಸಿ ನೋಡಿದೆವು. ಬಣ್ಣ ಮುಖದ ತುಂಬ ಹತ್ತಬೇಕು, ಬರೀ ಅಂಚಿಗೆ ಹತ್ತಿದರೆ ಸಾಲದು. ಎಲ್ಲಾ ಕೂಡಿದ ಮೇಲೆ ಎಂಟನ್ನೂ ಒಟ್ಟಿಗೆ ಬಿಗಿದು, ಹೊರಗಿನ ಆಕಾರವನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತಿನಲ್ಲಿ ಒಂದೇ ಸಲ ತಿರುಗಿಸಿದೆವು. ತುಂಡು ತುಂಡಾಗಿ ಆಕಾರ ಕೊಟ್ಟರೆ ಜೋಡಣೆಯಲ್ಲಿ ಮೆಟ್ಟಿಲು ಉಳಿಯುತ್ತದೆ. ಪ್ರತಿ ತುಂಡಿಗೂ ನಂಬರ್ ಪಂಚ್ ಮಾಡಿದೆವು. ಮೂರನೆಯದು ಯಾವತ್ತೂ ಎರಡು ಮತ್ತು ನಾಲ್ಕರ ನಡುವೆಯೇ ಕೂರಬೇಕು.

ಮೊದಲ ಟೈರ್ ಅಚ್ಚಿನಿಂದ ಬಂದಾಗ ಹಬ್ ಬೋಲ್ಟ್ ಬಿಚ್ಚಿ ಎಳೆದೆವು. ಕೀಲಿ ತುಂಡಿನ ಹಿಂಬದಿಯ ತೂತಿಗೆ ಟಿ ಹಿಡಿಕೆ ತಿರುಗಿಸಿ ಒಮ್ಮೆ ಜಗ್ಗಿದ ಹುಡುಗ. ಟಕ್ ಅಂತ ಬಿಟ್ಟುಕೊಂಡಿತು. ಟೈರಿನೊಳಗೆ ಬೆರಳಾಡಿಸಿದರೆ ಜೋಡಣೆಯ ಗೆರೆ ಕಣ್ಣಿಗೆ ಕಾಣುತ್ತಿತ್ತು, ಉಗುರಿಗೆ ತಾಗುತ್ತಿರಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇಕಿರಲಿಲ್ಲ.

ತೊಂದರೆ ಉಳಿದಿರುವುದು ಶಾಖದಲ್ಲಿ. ಬ್ಲಾಡರಿನೊಳಗೆ ಹಬೆಯನ್ನೋ ಬಿಸಿ ನೀರನ್ನೋ ಹರಿಸಬಹುದು, ನಮ್ಮ ಕೋರಿಗೆ ಆ ಅನುಕೂಲ ಇಲ್ಲ. ಹೊರಗಿನ ಅಚ್ಚಿನಿಂದಲೇ ಶಾಖ ಒಳಕ್ಕೆ ಇಳಿಯಬೇಕು, ಬೇಯಲು ಹೊತ್ತು ಜಾಸ್ತಿ ಹಿಡಿಯುತ್ತದೆ. ಹಾಗಂತ ಕೋರನ್ನು ಮೊದಲೇ ಚೆನ್ನಾಗಿ ಬಿಸಿ ಮಾಡಿಟ್ಟುಕೊಳ್ಳುವಂತೆಯೂ ಇಲ್ಲ, ಟೈರ್ ಕಟ್ಟುತ್ತಿರುವಾಗಲೇ ರಬ್ಬರ್ ಬೇಯಲು ಶುರುವಾಗುತ್ತದೆ. ಈಗ ಅಗಲದ ನಾಲ್ಕು ತುಂಡುಗಳಿಗೆ ಮಾತ್ರ ಕಾರ್ಟ್ರಿಡ್ಜ್ ಹೀಟರ್ (ಕಡ್ಡಿಯಂಥ ವಿದ್ಯುತ್ ಹೀಟರ್) ಕೂರಿಸಲು ತೂತು ಕೊರೆಯುತ್ತಿದ್ದೇವೆ. ಕೀಲಿ ತುಂಡುಗಳಿಗೆ ಶಾಖ ಪಕ್ಕದ ಮುಖಗಳಿಂದ ಹರಿಯುತ್ತದೆ. ಹೀಟರಿನ ಪಿನ್ನುಗಳನ್ನು ಹಬ್ ಕಡೆಗೆ ತಿರುಗಿಸಿಟ್ಟಿದ್ದೇವೆ, ಹಬ್ ಎಳೆದರೆ ಕನೆಕ್ಷನ್ ತಾನಾಗಿಯೇ ಬಿಡಬೇಕು.