ಸಮ್ಮೇಳನಕ್ಕೆ ಹೊರದೇಶದವರನ್ನು ಕರೆಸುವುದು ಹೇಗೆ? ವೀಸಾ, ಖರ್ಚು ಮತ್ತು ಒಂದು ಪುಟದ ಪತ್ರ

ಒಂದು ಓಪನ್ ಸೋರ್ಸ್ ಯೋಜನೆಗೆ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶಕ್ಕೆ, ಐದು ವರ್ಷ ದುಡಿದ ಒಬ್ಬರು ತಮ್ಮ ತಂಡದವರನ್ನು ಸಮ್ಮೇಳನದಲ್ಲಿ ಮೊದಲ ಸಲ ಮುಖಾಮುಖಿ ನೋಡಲು ಹೊರಟಿದ್ದರು. ಅವರ ಭಾಷಣ ಆಯ್ಕೆಯಾಗಿತ್ತು, ರಜೆಯೂ ಸಿಕ್ಕಿತ್ತು. ವೀಸಾ ಮಾತ್ರ ಸಿಗಲಿಲ್ಲ. ಸಂಘಟಕರಾದ ನಾವು ಕೊಟ್ಟ ಆಮಂತ್ರಣ ಪತ್ರದಲ್ಲಿ ಇದ್ದದ್ದು ಅವರು ಇಂಟರ್ನೆಟ್‌ನಲ್ಲಿ ಬಳಸುವ ಹೆಸರು. ಪಾಸ್‌ಪೋರ್ಟ್‌ನಲ್ಲಿ ಬೇರೆ ಹೆಸರಿತ್ತು. ಖರ್ಚು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಪತ್ರದಲ್ಲಿ ಇರಲೇ ಇಲ್ಲ. ಅಂದಿನಿಂದ ನಾನು ಸಮ್ಮೇಳನಗಳಲ್ಲಿ ವೀಸಾ ಕೆಲಸವನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಇದೇ ತಪ್ಪು ಎಷ್ಟೋ ಕಡೆ ಮತ್ತೆ ಮತ್ತೆ ಆಗುವುದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ದಿನಗಳನ್ನು ಹಿಂದಿನಿಂದ ಎಣಿಸಿ

ಭಾಷಣಗಳ ಆಯ್ಕೆಯನ್ನು ಸಮ್ಮೇಳನಕ್ಕೆ ಎರಡು ತಿಂಗಳಿದ್ದಾಗ ಮುಗಿಸಿದರೆ ವೀಸಾ ಬೇಕಾದವರಿಗೆ ಅದು ಸಾಲುವುದಿಲ್ಲ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ತಡ ಅಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹೋಗುತ್ತದೆ. ಇದು ಅರ್ಜಿ ಕೈಗೆ ತಲುಪಿದ ಮೇಲಿನ ಲೆಕ್ಕ. ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್ ಸಿಗಲು ಎಷ್ಟು ವಾರ ಕಾಯಬೇಕೋ ಅದು ಬೇರೆ. ಬ್ರಿಟನ್‌ಗೆ 3 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಅಮೆರಿಕದ ಸಂದರ್ಶನಕ್ಕೆ ಕೆಲವು ಊರುಗಳಲ್ಲಿ ತಿಂಗಳುಗಟ್ಟಲೆ ಸರದಿ ಇರುತ್ತದೆ.

ಹಾಗಾಗಿ ವೀಸಾ ಬೇಕಾದವರ ಪಟ್ಟಿಯನ್ನು ಬೇರೆ ಮಾಡಿ. ಸಮ್ಮೇಳನಕ್ಕೆ ಅವರು ಕೊಟ್ಟ ಅರ್ಜಿಗಳನ್ನು ಮೊದಲು ನೋಡಿ, ಐದು ತಿಂಗಳು ಇರುವಾಗಲೇ ಉತ್ತರ ಕೊಡಿ. ಉಳಿದವರು ಕಾಯಬಹುದು.

ಹಣದ ಮಾತು ಮೊದಲು

ಖರ್ಚು ಯಾರದ್ದು ಅಂತ ತೀರ್ಮಾನ ಆಗದೆ ಒಳ್ಳೆಯ ಪತ್ರ ಬರೆಯಲು ಆಗುವುದಿಲ್ಲ. ಅನುದಾನ ಸಮಿತಿ ಒಂದು ಕಡೆ, ವೀಸಾ ತಂಡ ಇನ್ನೊಂದು ಕಡೆ ಕೂತಿರುವಲ್ಲಿ ಇದೇ ದೊಡ್ಡ ತೊಡಕು.

ಡೆಬಿಯನ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶದವರ ಸಮ್ಮೇಳನ ಡೆಬ್‌ಕಾನ್‌ನಲ್ಲಿ ಬರ್ಸರಿ ಅನ್ನುವ ನೆರವಿನ ಹಣ ಇದೆ, ವಿಕಿಪೀಡಿಯ ಬಳಗದ ಸಮ್ಮೇಳನ ವಿಕಿಮೇನಿಯಾಕ್ಕೆ ಸ್ಕಾಲರ್‌ಶಿಪ್ ಇದೆ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರ ಅಮೆರಿಕದ ಸಮ್ಮೇಳನ ಪೈಕಾನ್ ಯುಎಸ್‌ನಲ್ಲಿ ಪ್ರಯಾಣ ಅನುದಾನ ಇದೆ. ನಿಮ್ಮದೇ ಹೊಸದಾಗಿ ಶುರು ಮಾಡುವುದಾದರೆ ಇಂಥವರ ನಿಯಮಗಳನ್ನು ಓದಿ ನೋಡಿ. ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ: 'ನೀವು ಖರ್ಚು ಮಾಡಿ ಬನ್ನಿ, ಬಿಲ್ ಕೊಟ್ಟ ಮೇಲೆ ಹಣ ಕೊಡುತ್ತೇವೆ' ಅನ್ನಬೇಡಿ. ವಿಮಾನದ ಟಿಕೆಟ್ ಅನ್ನುವುದು ಎಷ್ಟೋ ದೇಶಗಳಲ್ಲಿ ಮೂರು ನಾಲ್ಕು ತಿಂಗಳ ಸಂಬಳ. ಅಷ್ಟು ಹಣ ಕೈಯಲ್ಲಿ ಇದ್ದವರು ಅನುದಾನ ಕೇಳುತ್ತಿರಲಿಲ್ಲ, ಅಲ್ವಾ? ಟಿಕೆಟನ್ನೂ ವಸತಿಯನ್ನೂ ಸಂಘಟಕರೇ ನೇರವಾಗಿ ಬುಕ್ ಮಾಡಬೇಕು.

ಟಿಕೆಟ್ ಬಿಟ್ಟು ಬೇರೆ ಖರ್ಚುಗಳನ್ನು ಜಾಸ್ತಿ ಜನ ಮರೆಯುತ್ತಾರೆ. ಷೆಂಗೆನ್ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ. ಅಮೆರಿಕದ ಸಂದರ್ಶಕ ವೀಸಾಕ್ಕೆ ಅರ್ಜಿ ಶುಲ್ಕವೇ 185 ಡಾಲರ್. ವೀಸಾ ಸಿಗದಿದ್ದರೂ ಇದು ವಾಪಸ್ ಬರುವುದಿಲ್ಲ. ಕೆಲವು ದೇಶಗಳಲ್ಲಿ ವೀಸಾ ಕೊಡುವ ದೇಶದ ರಾಯಭಾರ ಕಚೇರಿಯೇ ಇರುವುದಿಲ್ಲ, ಅರ್ಜಿ ಕೊಡಲು ಪಕ್ಕದ ದೇಶಕ್ಕೆ ಹೋಗಬೇಕಾಗುತ್ತದೆ. ದಾಖಲೆಗಳ ಅನುವಾದಕ್ಕೂ ವಿಮೆಗೂ ಹಣ ಬೇಕು. ಇವೆಲ್ಲ ಅನುದಾನದಲ್ಲಿ ಸೇರಲಿ. ವೀಸಾ ನಿರಾಕರಣೆಯಾದರೂ ಕೊಡುತ್ತೇವೆ ಅಂತ ಮೊದಲೇ ಬರೆದು ತಿಳಿಸಿ. ಆ ಒಂದು ಸಾಲು ನೋಡಿ ಧೈರ್ಯ ಮಾಡಿ ಅರ್ಜಿ ಹಾಕಿದವರನ್ನು ನಾನು ಬಲ್ಲೆ.

ಪತ್ರ: ಇಲ್ಲಿ ಅವಸರ ಬೇಡ

ಮೊದಲು ಹೆಸರು. ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟದ ಚಿತ್ರ ತರಿಸಿಕೊಳ್ಳಿ. ಪುಟದ ಕೆಳಗೆ 44 ಅಕ್ಷರಗಳ ಎರಡು ಸಾಲು ಇರುತ್ತವೆ, ಯಂತ್ರ ಓದುವಂಥವು. ಮೇಲಿನ ಸಾಲಿನಲ್ಲಿ ದೇಶದ ಸಂಕೇತ ಆದ ಮೇಲೆ ಸರ್‌ನೇಮ್, ಆಮೇಲೆ ಬಾಣದ ತುದಿಯಂಥ ಎರಡು ಗುರುತು, ಆಮೇಲೆ ಉಳಿದ ಹೆಸರು. ಯಾವುದು ಸರ್‌ನೇಮ್ ಅಂತ ಊಹೆ ಮಾಡಬೇಡಿ, ಆ ಸಾಲು ಹೇಳುತ್ತದೆ. ಒಂದೇ ಹೆಸರು ಇರುವವರೂ ಇದ್ದಾರೆ. ಅವರಿಗೆ ಚಂದ ಕಾಣಲಿ ಅಂತ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸೇರಿಸಬೇಡಿ. ಜರ್ಮನ್ ಭಾಷೆಯಲ್ಲಿ ತಲೆ ಮೇಲೆ ಎರಡು ಚುಕ್ಕಿ ಇರುವ ಅಕ್ಷರಗಳಿವೆಯಲ್ಲ, ಅವು ಈ ಸಾಲಿನಲ್ಲಿ ಎರಡೆರಡು ಅಕ್ಷರ ಆಗಿರುತ್ತವೆ. ಅಂಥ ಕಡೆ ಎರಡೂ ರೂಪ ಪತ್ರದಲ್ಲಿರಲಿ. ಬರೆದಾದ ಮೇಲೆ ಇನ್ನೊಬ್ಬರ ಕೈಗೆ ಕೊಟ್ಟು ಒಂದೊಂದೇ ಅಕ್ಷರ ಜೋರಾಗಿ ಓದಿಸಿ. ಪತ್ರ ಮುಗಿದ ಮೇಲೆ ಪಾಸ್‌ಪೋರ್ಟ್ ಚಿತ್ರವನ್ನು ಅಳಿಸಿಬಿಡಿ. ಅದು ಇನ್ನೊಬ್ಬರ ಗುರುತಿನ ದಾಖಲೆ.

ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 04/07 ಅಂದರೆ ಒಬ್ಬರಿಗೆ ಜುಲೈ 4, ಇನ್ನೊಬ್ಬರಿಗೆ ಏಪ್ರಿಲ್ 7.

ಆಮೇಲೆ ಇವರನ್ನೇ ಯಾಕೆ ಕರೆಯುತ್ತಿದ್ದೀರಿ ಅನ್ನುವುದು. 'ಅಮೂಲ್ಯ ಕೊಡುಗೆದಾರರು' ಅಂತ ಸುಮ್ನೆ ಬರೆದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಇಂಥ ವರ್ಷದಿಂದ ಈ ಯೋಜನೆಯ ಈ ಭಾಗ ನೋಡಿಕೊಳ್ಳುತ್ತಿದ್ದಾರೆ, ಇಂಥ ದಿನ ಈ ಹೆಸರಿನ ಭಾಷಣ ಮಾಡುತ್ತಾರೆ ಅಂತ ಬರೆಯಿರಿ. ಕಂಪ್ಯೂಟರ್ ಗೊತ್ತಿಲ್ಲದ ಮನುಷ್ಯ ಓದಿದರೂ ಅರ್ಥ ಆಗಬೇಕು. 'ಹ್ಯಾಕಥಾನ್' ಅನ್ನುವ ಬದಲು ಅಲ್ಲಿ ನಿಜವಾಗಿ ಏನು ನಡೆಯುತ್ತದೆ ಅಂತ ಎರಡು ಸಾಲು ಬಿಡಿಸಿ ಹೇಳಿ. 'ಕೆಲಸ' ಅನ್ನುವ ಪದದ ಬಗ್ಗೆ ಎಚ್ಚರ ಇರಲಿ. ಸಂದರ್ಶಕ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಬಂದವರನ್ನು ನೋಂದಣಿ ಮೇಜಿನಲ್ಲಿ ಕೂರಿಸುವ ಯೋಚನೆ ಇದ್ದರೆ ಅದಕ್ಕೆ ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಿ. ಮುಚ್ಚಿಟ್ಟು ಬರೆಯುವುದು ಮಾತ್ರ ಬೇಡವೇ ಬೇಡ.

ಖರ್ಚಿನ ಭಾಗ ಬಿಡಿಬಿಡಿಯಾಗಿರಲಿ. 'ಹಣದ ನೆರವು ನೀಡುತ್ತೇವೆ' ಅನ್ನುವುದು ಬಡಪಾಯಿ ಸಾಲು. 'ಹೋಗಿ ಬರುವ ವಿಮಾನ ಟಿಕೆಟ್, ಏಳು ರಾತ್ರಿಯ ವಸತಿ, ಮೂರು ಹೊತ್ತಿನ ಊಟ, ಪ್ರವೇಶ ಶುಲ್ಕ ನಮ್ಮದು. ಉಳಿದ ಕೈಖರ್ಚು ಅವರದ್ದು' ಅಂತ ಬರೆದರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಎಷ್ಟಿದ್ದರೆ ಸಾಕು ಅಂತ ಅಧಿಕಾರಿಗೆ ಲೆಕ್ಕ ಸಿಗುತ್ತದೆ. ಉಳಿಯುವ ದಿನಗಳಲ್ಲಿ ಸಮ್ಮೇಳನದ ಹಿಂದು ಮುಂದಿನ ಒಂದೆರಡು ದಿನವೂ ಸೇರಲಿ. ವಿಮಾನ ತಡವಾದರೆ ಅದು ಕಾಪಾಡುತ್ತದೆ.

ಕೆಳಗೆ ನಿಜವಾದ ಮನುಷ್ಯರೊಬ್ಬರ ಸಹಿ, ಹುದ್ದೆ, ಎತ್ತುವ ಫೋನ್ ನಂಬರ್ ಬೇಕು. ಹೆಸರು ತುಂಬಿದರೆ ಪತ್ರ ತಾನೇ ತಯಾರಾಗುವ ಸಾಧನಗಳಿವೆ. ನಾನು ಅವನ್ನು ಬಳಸುವುದಿಲ್ಲ. ನೂರು ಜನರಿಗೂ ಒಂದೇ ಮಾತು ಬರೆದ ಪತ್ರ ಯಾರ ಪರವಾಗಿಯೂ ಮಾತಾಡುವುದಿಲ್ಲ. ಕೆಲವು ದೇಶಗಳಿಗೆ ಪತ್ರ ಒಂದೇ ಸಾಲದು. ಜಪಾನ್‌ಗೆ ಕರೆಸುವಾಗ ಎಷ್ಟೋ ದೇಶದವರಿಗೆ ಆಮಂತ್ರಣದ ಕಾರಣ, ಖಾತರಿ ಪತ್ರ, ದಿನದಿನದ ಕಾರ್ಯಕ್ರಮ ಅಂತ ಮೂರು ಕಾಗದವನ್ನು ಕರೆಯುವವರೇ ಕೊಡಬೇಕು.

ಅರ್ಜಿ ಹಾಕುವವರಿಗೆ

ಷೆಂಗೆನ್ ದೇಶಗಳಲ್ಲಿ ಜಾಸ್ತಿ ದಿನ ಎಲ್ಲಿರುತ್ತೀರೋ ಅಲ್ಲಿಯ ಕಾನ್ಸುಲೇಟ್‌ಗೆ ಅರ್ಜಿ ಹಾಕಿ. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶದ್ದು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ದೇಶಗಳನ್ನು ಬಿಟ್ಟು ಹೊರಡುವ ದಿನದಿಂದ ಇನ್ನೂ 3 ತಿಂಗಳು ನಡೆಯಬೇಕು, ಎರಡು ಖಾಲಿ ಪುಟ ಇರಬೇಕು. ವಿಮೆ ಕನಿಷ್ಠ 30,000 ಯೂರೊ. ತೀರಾ ಅಗ್ಗದ ವಿಮೆ ಕೊಳ್ಳುವಾಗ ಆಸ್ಪತ್ರೆ ಖರ್ಚಿನ ಜೊತೆ ಊರಿಗೆ ವಾಪಸ್ ಕಳಿಸುವ ಖರ್ಚೂ ಇದೆಯಾ ನೋಡಿ. ಇಲ್ಲದಿದ್ದರೆ ಅದು ನಡೆಯುವುದಿಲ್ಲ.

ನಕಲಿ ಟಿಕೆಟ್ ಮಾರುವವರ ಹತ್ತಿರ ಹೋಗಬೇಡಿ. ವೀಸಾ ಗ್ಯಾರಂಟಿ ಅನ್ನುವ ಏಜೆಂಟರ ಹತ್ತಿರವೂ ಬೇಡ. ಗ್ಯಾರಂಟಿ ಕೊಡಲು ಅವರ ಕೈಯಲ್ಲಿ ಏನೂ ಇಲ್ಲ. ಬೇಕಾದದ್ದು ಬುಕಿಂಗ್ ಮಾತ್ರ. ವೀಸಾ ಬರುವವರೆಗೆ ರದ್ದು ಮಾಡಬಹುದಾದ ಟಿಕೆಟ್ ಸಾಕು. ವಿಮಾನ ಬದಲಿಸುವ ಊರನ್ನೂ ನೋಡಿಕೊಳ್ಳಿ. ವೀಸಾ ಬೇಕಾದ ದೇಶದವರು ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲೂ ವೀಸಾ ಮಾಡಿಸಬೇಕು. ಟಿಕೆಟ್ ಅಗ್ಗ ಅಂತ ಅಂಥ ದಾರಿ ಹಿಡಿದು ಕೊನೇ ಗಳಿಗೆಯಲ್ಲಿ ಪರದಾಡಿದವರಿದ್ದಾರೆ.

ಅಮೆರಿಕದ ಸಂದರ್ಶನ ಕೆಲವೇ ನಿಮಿಷದ್ದು. ಪತ್ರವನ್ನು ಕೈಗೆತ್ತಿಕೊಳ್ಳದೆಯೂ ತೀರ್ಮಾನ ಆಗಬಹುದು. ಎಲ್ಲಿಗೆ, ಯಾಕೆ, ಖರ್ಚು ಯಾರದ್ದು, ವಾಪಸ್ ಬಂದು ಏನು ಮಾಡುತ್ತೀರಿ ಅನ್ನುವ ನಾಲ್ಕು ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರ ಬರಬೇಕು. ಸಂಘಟಕರೇ, ಹಿಂದಿನ ದಿನ ಅರ್ಜಿ ಹಾಕಿದವರಿಗೆ ಫೋನ್ ಮಾಡಿ, ನೀವೇ ಅಧಿಕಾರಿಯಾಗಿ ಕೇಳಿ. ನಾನು ಪ್ರತಿಯೊಬ್ಬರಿಗೂ ಮಾಡುತ್ತೇನೆ. ಹದಿನೈದು ನಿಮಿಷದ ಕೆಲಸ.

ಆಗಲ್ಲ ಅಂದರೆ

ಷೆಂಗೆನ್ ನಿರಾಕರಣೆ ಬಂದರೆ ಕಾರಣಕ್ಕೆ ಗುರುತು ಹಾಕಿದ ಕಾಗದ ಕೊಡುತ್ತಾರೆ. ಮೇಲ್ಮನವಿಗೆ ಅವಕಾಶ ಇದೆ. ಆದರೆ ದಿನ ಕಡಿಮೆ ಇದ್ದರೆ ತಪ್ಪಿದ ಕಾಗದ ಸರಿಮಾಡಿ ಹೊಸ ಅರ್ಜಿ ಹಾಕುವುದೇ ಮೇಲು. ಊರಿಗೆ ವಾಪಸ್ ಹೋಗುತ್ತಾರೆ ಅನ್ನುವ ನಂಬಿಕೆ ಅಧಿಕಾರಿಗೆ ಬರದಿದ್ದಾಗ ಕೊಡುವ ಅಮೆರಿಕದ 214(ಬಿ) ನಿರಾಕರಣೆಗೆ ಮೇಲ್ಮನವಿ ಇಲ್ಲ, ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ವೀಸಾ ಸಿಗದವರ ಅನುದಾನವನ್ನು ಇನ್ನೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳಬೇಡಿ. ಮುಂದಿನ ವರ್ಷಕ್ಕೆ ಅವರ ಹೆಸರಿನಲ್ಲೇ ಇಡಿ. ಈ ಸಲ ವಿಡಿಯೊ ಮೂಲಕ ಭಾಷಣಕ್ಕೆ ಒಳ್ಳೆಯ ವೇಳೆ ಕೊಡಿ.

ವೀಸಾ ಸಿಕ್ಕವರು ಪತ್ರದ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ರಿಂಗಾಯಿತು. ವಿಮಾನ ನಿಲ್ದಾಣದ ಅಧಿಕಾರಿ ನಮ್ಮ ಪತ್ರ ಹಿಡಿದುಕೊಂಡು, ಇವರ ಭಾಷಣ ಯಾವ ದಿನ ಅಂತ ಕೇಳಿದರು. ಹೇಳಿದೆ. ಹತ್ತು ನಿಮಿಷಕ್ಕೆ 'ಹೊರಗೆ ಬಂದೆ' ಅಂತ ಸಂದೇಶ ಬಂತು. ಆಗಿನಿಂದ ಪತ್ರದಲ್ಲಿ ಎರಡು ನಂಬರ್ ಹಾಕುತ್ತೇವೆ. ಕೊನೆಯವರು ಬಂದಿಳಿಯುವವರೆಗೆ ಎರಡೂ ಫೋನ್ ಆನ್ ಇರುತ್ತವೆ.