ಗೋಲು ಹೊಡೆಯದ ಹುಡುಗನಿಗೆ ಹನ್ನೊಂದರಲ್ಲಿ ಜಾಗ

ನಾನು ಕೋಚ್ ಆಗಿದ್ದ ಕಾಲೇಜು ಹಾಕಿ ಟೀಮಿನಲ್ಲಿ ಹನ್ನೊಂದು ಜನರನ್ನು ಆರಿಸುವಾಗಲೆಲ್ಲ ಒಬ್ಬ ಫುಲ್‌ಬ್ಯಾಕ್, ಅಂದರೆ ಹಿಂದಿನ ಸಾಲಿನ ರಕ್ಷಣೆ ಆಟಗಾರನ ಹೆಸರು ಬಂದಾಗ ಜಗಳ ಶುರುವಾಗುತ್ತಿತ್ತು. ಒಂದು ಗೋಲೂ ಹೊಡೆದವನಲ್ಲ. ಉದ್ದ ಪಾಸ್ ಕೊಟ್ಟರೆ ಚೆಂಡು ಎದುರಾಳಿಗೇ ಹೋಗುತ್ತಿತ್ತು. ಆದರೆ ಪೆನಾಲ್ಟಿ ಕಾರ್ನರಿಗೆ, ಅಂದರೆ ನಮ್ಮ ತಪ್ಪಿಗೆ ಎದುರಾಳಿಗೆ ಗೋಲಿನತ್ತ ಹೊಡೆಯಲು ಸಿಗುವ ಅವಕಾಶಕ್ಕೆ, ಅಡ್ಡಗಟ್ಟಲು ಮೊದಲು ಓಡುವವನು ಅವನೇ. ಮಾಸ್ಕ್ ಹಾಕಿಕೊಂಡು, ಡ್ರ್ಯಾಗ್ ಫ್ಲಿಕ್ ಮಾಡುವವನ, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಜೋರಾಗಿ ಗೋಲಿಗೆ ಚಿಮ್ಮಿಸುವವನ ಎದುರಿಗೇ ಓಡಬೇಕು. ಆಡುವ ಕಾಲದಲ್ಲಿ ನಾನು ಎರಡೇ ಸಲ ಓಡಿದ್ದೆ. ಮೂರನೇ ಸಲ ಏನೋ ನೆಪ ಹೇಳಿ ತಪ್ಪಿಸಿಕೊಂಡೆ.

“ಬೆಂಚಲ್ಲಿ ಕೂರಿಸೋಣ ಸರ್, ಕಾರ್ನರ್ ಆದಾಗ ಇಳಿಸಿದ್ರಾಯ್ತು” ಅಂದರು ಮ್ಯಾನೇಜರ್. ಅದು ಆಗಲ್ಲ. ಕಾರ್ನರ್ ಕೊಟ್ಟ ಮೇಲೆ ಅದು ಮುಗಿಯುವವರೆಗೆ ಆಟಗಾರರನ್ನು ಬದಲಿಸುವ ಹಾಗಿಲ್ಲ. ಕಾರ್ನರ್ ತಡೆಯುವ ಟೀಮಿನ ಗೋಲ್‌ಕೀಪರ್‌ಗೆ ಪೆಟ್ಟಾದರೆ ಅಥವಾ ಕಾರ್ಡ್ ಸಿಕ್ಕಿ ಹೊರಹೋದರೆ ಮಾತ್ರ ಬೇರೆ ಮಾತು. ಅಂದರೆ ಆ ನಾಲ್ಕೈದು ಸೆಕೆಂಡಿಗಾಗಿ ಅವನನ್ನು ಮೈದಾನದಲ್ಲೇ ಇಟ್ಟುಕೊಂಡಿರಬೇಕು. ಉಳಿದ ಹೊತ್ತೆಲ್ಲ ಆ ಕೆಟ್ಟ ಪಾಸುಗಳನ್ನು ಸಹಿಸಬೇಕು.

ಅವನಿಂದ ಎಷ್ಟು ಗೋಲು ತಪ್ಪಿತು ಅಂತ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡಲು ಶುರು ಮಾಡಿದೆ. ಮೊದಲ ವಾರವೇ ತಲೆಕೆಟ್ಟಿತು. ಐದು ಮೀಟರ್ ಒಳಗಿರುವಾಗ ಆ ಮೊದಲ ಹೊಡೆತ ಅವನ ಮಂಡಿಗಿಂತ ಕೆಳಗೆ ಬಡಿದರೆ ಮತ್ತೊಂದು ಕಾರ್ನರ್. ನೆಟ್ಟಗೆ ನಿಂತವನ ಮಂಡಿಗೋ ಅದಕ್ಕಿಂತ ಮೇಲಕ್ಕೋ ಬಡಿದರೆ ಫ್ರೀ ಹಿಟ್ ನಮಗೆ. ಗೋಲು ತಪ್ಪಿತು, ಆದರೆ ಮತ್ತೆ ಕಾರ್ನರ್ ಬಂತು. ಇದು ಲಾಭವೋ ನಷ್ಟವೋ? ನಾನು ಲಾಭ ಅಂತ ಬರೆದೆ, ಮ್ಯಾನೇಜರ್ ಒಪ್ಪಲಿಲ್ಲ. ಇನ್ನೊಂದು ತಾಪತ್ರಯ: ಅವನು ಒಂದು ಬದಿ ಮುಚ್ಚಿ ಓಡಿದಾಗ ಚೆಂಡು ಇನ್ನೊಂದು ಬದಿಗೆ ಬಂದು ಕೀಪರ್ ಕೈಗೆ ಸಿಗುತ್ತಿತ್ತು. ಚಪ್ಪಾಳೆ ಕೀಪರ್‌ಗೆ!

ಆಮೇಲೆ ಇನ್ನೊಂದು ಸಾಲು ಹಾಕಿದೆ: ಆಗದೇ ಹೋದ ಕಾರ್ನರುಗಳು. ಇವನ ಜಾಗಕ್ಕೆ ಕಾಯುತ್ತಿದ್ದ ಹುಡುಗ ಚೆನ್ನಾಗಿ ಪಾಸ್ ಕೊಡುತ್ತಿದ್ದ, ಆದರೆ ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಲ್ಲಿ, ಚೆಂಡಿಗೆ ಕಾಲು ತಗುಲಿಸಿಕೊಂಡು ಕಾರ್ನರ್ ಕೊಡಿಸುತ್ತಿದ್ದ. ಇವನು ಕಾಲು ಹಿಂದಿಟ್ಟು, ಸ್ಟಿಕ್ ನೆಲಕ್ಕೆ ಮಲಗಿಸಿ, ಫಾರ್ವರ್ಡನ್ನು ಸುಮ್ನೆ ಸೈಡ್‌ಲೈನ್ ಕಡೆಗೆ ತಳ್ಳಿಕೊಂಡು ಹೋಗುತ್ತಿದ್ದ. ಎಲ್ಲಕ್ಕಿಂತ ಜಾಸ್ತಿ ತುಂಬಿದ್ದು ಆ ಸಾಲೇ.

ಪ್ಯಾರಿಸ್ ಒಲಿಂಪಿಕ್ಸ್ ನೋಡಿದಾಗ ಈ ಲೆಕ್ಕ ನೆನಪಾಯಿತು. 2024ರ ಕ್ವಾರ್ಟರ್‌ಫೈನಲ್‌ನಲ್ಲಿ ಕೆಂಪು ಕಾರ್ಡ್ ಪಡೆದ ಅಮಿತ್ ರೋಹಿದಾಸ್, ಕಾರ್ನರಿಗೆ ಮೊದಲು ಓಡುವ ಭಾರತದ ಡಿಫೆಂಡರ್, ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಇರಲಿಲ್ಲ. 2-3ರಿಂದ ಸೋತೆವು. ಜರ್ಮನಿಯ ಮೊದಲ ಗೋಲನ್ನು ಪೈಲಾಟ್ ಹೊಡೆದದ್ದು ಪೆನಾಲ್ಟಿ ಕಾರ್ನರಿನಲ್ಲಿ. ಅವನಿದ್ದಿದ್ದರೆ ಅಂತ ಎಲ್ಲರೂ ಹೇಳಿದರು. ಆದರೆ ಅದೇ ಟೀಮು ಬ್ರಿಟನ್ ವಿರುದ್ಧ ಅವನಿಲ್ಲದೆ ಹತ್ತೇ ಜನರಲ್ಲಿ 1-1 ಹಿಡಿದು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತ್ತಲ್ವಾ?

ನಾನು ಅವನನ್ನು ಆಡಿಸಿದೆ. ಚೆಂಡು ಹೊರಗೆ ತರುವ ಕೆಲಸವನ್ನು ಸೆಂಟರ್ ಹಾಫ್‌ಗೆ ಕೊಟ್ಟೆ. ಇದರಿಂದ ದಾಳಿಗೆ ಒಬ್ಬ ಕಡಿಮೆಯಾದ, ನಮ್ಮ ಗೋಲುಗಳೂ ಕಡಿಮೆಯಾದವು. ಕೊನೆಯ ಪಂದ್ಯದಲ್ಲಿ ಸಾಲಾಗಿ ಮೂರು ಕಾರ್ನರ್ ಬಂದವು. ಮೊದಲೆರಡೂ ಅವನ ಮೊಣಕಾಲ ಕೆಳಗೇ ಬಡಿದವು. ಮುಗಿದ ಮೇಲೆ ನಲ್ಲಿ ಹತ್ತಿರ ಕೂತು ಸ್ಟಾಕಿಂಗ್ ಇಳಿಸಿದ. ಮೊಟ್ಟೆಯಷ್ಟು ಊದಿತ್ತು.

“ಸರ್, ಮೂರನೇದು ಸ್ಟಿಕ್ಕಿಗೇ ಸಿಕ್ತು. ಬರ್ಕೊಂಡ್ರಾ?”

ಬರೆದಿರಲಿಲ್ಲ. ಗಡಿಬಿಡಿಯಲ್ಲಿ ಪೆನ್ನು ಎಲ್ಲೋ ಬಿದ್ದುಹೋಗಿತ್ತು.